ಕೈಮುಗಿದು ನಿಂತವರು

ಕಡಬ
2-4-1958

ಅಣ್ಣ ಬೋಜಪ್ಪನಿಗೆ, ತಂಗಿ ಸೇವಂತಿ ಬರೆಯುವುದು.

ಕ್ಷೇಮ ಎಂದು ಬರೆಯಲು ಕೈ ಬರುವುದಿಲ್ಲ, ಅದನ್ನು ಬಿಟ್ಟೇ ಬರೆಯುತ್ತಿದ್ದೇನೆ. ಇವರ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮಧ್ಯಾಹ್ನವೇ ನೀನು ಸುಳ್ಯದ ಬಸ್ಸು ಹಿಡಿದೆ. ಗದ್ದೆಯ ಕೆಲಸ ಎಂದೆ. ಆಗ ನಾನು ಏನೂ ಕೇಳಲಿಲ್ಲ. ಮನೆ ತುಂಬ ಜನ, ಎಲ್ಲರ ಬಾಯಲ್ಲೂ ಒಂದೇ ಮಾತು, "ದೈವದ ಎದುರು ಯಾರದ್ದು ನಡೀತದೆ?" ಕೇಳಿ ಕೇಳಿ ತಲೆ ಕೆಟ್ಟುಹೋಗಿತ್ತು. ಈಗ ಮನೆ ಖಾಲಿ. ಈಗ ಕೇಳುತ್ತೇನೆ.

ಆ ದಿನ ಸಂತೆಯಲ್ಲಿ ನಿನ್ನ ಭಾವನ ಜೊತೆ ನೀನಿದ್ದೆ, ನಾನಿರಲಿಲ್ಲ. ಊರಾಳುವ ಗುತ್ತಿನ ಮನೆಯ ಯಜಮಾನರ ತಮ್ಮ ತ್ಯಾಂಪಣ್ಣ ಕೆಂಪು ಪಟ್ಟೆ ಉಟ್ಟು, ದೈವದ ಕತ್ತಿ ಹಿಡಿದು, ಮೈ ನಡುಗಿಸುತ್ತಾ ಸಂತೆಯೊಳಗೆ ಬಂದನಂತೆ. ಜನ ದರ್ಶನವೆಂದು ಕೈಮುಗಿದು ನಿಂತರಂತೆ. ಇವರೂ ತಲೆ ತಗ್ಗಿಸಿ ನಿಂತರಂತೆ. ತಗ್ಗಿಸಿದ ಕುತ್ತಿಗೆಗೇ ಅವನು ಕಡಿದ. ಇಷ್ಟು ನನಗೆ ಗೊತ್ತು. ಅವನು ಊರ ದೈವದ ಪಾತ್ರಿ, ವರ್ಷ ವರ್ಷ ನೇಮದಲ್ಲಿ ಅವನ ಮೈಮೇಲೆ ದೈವ ಬರುವುದನ್ನು ನಾವೆಲ್ಲ ಕಂಡವರೇ. ಆದರೆ ಸಂತೆಯ ದಿನ, ವಾದ್ಯವಿಲ್ಲದೆ, ಕರೆದು ನುಡಿಸುವವರಿಲ್ಲದೆ, ಉಪ್ಪುಮೀನಿನ ರಾಶಿಯ ನಡುವೆ ಅದು ಯಾವ ಸೀಮೆಯ ದರ್ಶನ ಅಣ್ಣ?

ಕಮಲ ದಿನಾ ಒಂದೇ ಕೇಳುತ್ತಾಳೆ. "ಅವ್ವಾ, ನಾನು ಸರಿಯಾಗಿ ಕೈಮುಗಿದಿದ್ದೆ. ಓಡಲೇ ಇಲ್ಲ. ಅಪ್ಪನೂ ಓಡಲಿಲ್ಲ. ಮತ್ತೆ ಎಂತಕ್ಕೆ ಕಡಿದದ್ದು?" ದರ್ಶನ ಬರುವಾಗ ಓಡಬಾರದು, ಅಲುಗಾಡಬಾರದು, ಓಡಿದವರ ಮೇಲೆ ದೈವಕ್ಕೆ ಸಿಟ್ಟು ಎಂದು ಅವಳಿಗೆ ಕಲಿಸಿದವಳು ನಾನು. ನನಗೂ ನಿನಗೂ ನಮ್ಮ ಅವ್ವ ಕಲಿಸಿದ್ದೂ ಅದೇ. ಮೀನಿನ ಅದ್ದುವಿನ ಹೆಂಡತಿ ನೆಬೀಸ ಅವಳ ಜಡೆ ಹಿಡಿದು ಎಳೆದು ಗೋಣಿಗಳ ಅಡಿಗೆ ತಳ್ಳದಿದ್ದರೆ ನನಗೆ ಈಗ ಮಗಳೂ ಇರುತ್ತಿರಲಿಲ್ಲ. ಏಳು ವರ್ಷದ ಕೂಸಿಗೆ ನಾನು ಎಂತ ಉತ್ತರ ಕೊಡಲಿ?

ನೀನು ಎಲ್ಲಿದ್ದೆ? ಎಂತ ಕಂಡೆ? ಕಂಡದ್ದನ್ನು ಕಂಡ ಹಾಗೆ ಬರೆ. ನನ್ನ ಮನಸ್ಸಿಗೆ ನೋವಾದೀತು ಎಂದು ಏನನ್ನೂ ಹಿಡಿದಿಟ್ಟುಕೊಳ್ಳಬೇಡ. ಇನ್ನು ನೋಯುವುದಕ್ಕೆ ಜಾಗವೇ ಇಲ್ಲ.

ಸೇವಂತಿ


ಸುಳ್ಯ
14-4-1958

ತಂಗಿ ಸೇವಂತಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಬಂದು ನಾಲ್ಕಾರು ದಿನವಾಯಿತು. ಬರೆಯಲು ಕುಳಿತರೆ ಅದೇ ಕಣ್ಣೆದುರು ಬಂದು ಎದ್ದುಹೋಗುತ್ತಿದ್ದೆ. ಇವತ್ತು ಗಟ್ಟಿ ಮನಸ್ಸು ಮಾಡಿದ್ದೇನೆ.

ಭಾವ ಕಮಲಳಿಗೆ ಬಳೆ ತೊಡಿಸಲು ಆಚೆ ಹೋಗಿದ್ದರು. ನಾನೂ ಅದ್ದುವೂ ಚಾದ ಹೋಟೆಲಿನಲ್ಲಿ ಕುಳಿತಿದ್ದೆವು. ತ್ಯಾಂಪಣ್ಣ ಬಂದ. ಸಾದಾ ವೇಷ್ಟಿ, ಹೆಗಲಲ್ಲಿ ಬೈರಾಸು, ಕಂಕುಳಲ್ಲಿ ಉದ್ದದ್ದೊಂದು ಚಾಪೆಯ ಸುರುಳಿ. ಚಾ ಕುಡಿದ. ಗ್ಲಾಸು ಕೆಳಗಿಟ್ಟು ಕೇಳಿದ, "ಆ ವೆಂಕಪ್ಪ ಬಂದಿದ್ದಾನಾ ಸಂತೆಗೆ? ನಮ್ಮ ಕಟ್ಟ ಒಡೆದವ?" ನಾನು ಗೊತ್ತಿಲ್ಲ ಎಂದೆ. ತೋಡಿಗೆ ಕಟ್ಟ ಕಟ್ಟಿ ನೀರನ್ನೆಲ್ಲ ಗುತ್ತಿನವರು ಮೇಲೆಯೇ ನಿಲ್ಲಿಸಿದ್ದು, ಕೆಳಗೆ ನಿಮ್ಮ ಸುಗ್ಗಿ ಪೈರು ಒಣಗಿದ್ದು, ಭಾವ ಹೋಗಿ ಒಂದು ಕಡೆ ಮಣ್ಣು ಬಿಡಿಸಿದ್ದು, ಇದೆಲ್ಲ ಊರಿಗೇ ಗೊತ್ತಿತ್ತು. ಎರಡು ಬೈಗಳು ಬೈದು ಹೋದಾನು ಎಂದು ನಾನು ಎಣಿಸಿದೆ.

ಸ್ವಲ್ಪ ಹೊತ್ತಿನಲ್ಲಿ ನಾವು ಅದ್ದುವಿನ ಅಂಗಡಿಯೆದುರು ಭಾವನನ್ನೂ ಮಗುವನ್ನೂ ಕೂಡಿಕೊಂಡಿದ್ದೆವು, ಆಗ ಬಸ್ಸು ನಿಲ್ಲುವ ಕಡೆಯಿಂದ ಅವನು ಪಟ್ಟೆ ಉಟ್ಟು ಕೂಗುತ್ತಾ ಬಂದ. ಚಾಪೆಯೊಳಗೆ ಇದ್ದದ್ದು ಎಂತ ಎಂದು ಆಗ ನನಗೆ ತಿಳಿಯಿತು. ಜನ ಎರಡು ಬದಿಗೆ ಸರಿದು ಕೈಮುಗಿದರು. ತೂಗುತ್ತಿದ್ದವರು ತಕ್ಕಡಿ ಕೆಳಗಿಟ್ಟು ಕೈಮುಗಿದರು. ಅದ್ದು ಮಾತ್ರ "ಗೌಡ್ರೇ, ಓಡಿ ಮಾರಾಯ್ರೆ, ಅವ ಕಡಿಲಿಕ್ಕೆ ಬರುದು!" ಎಂದು ಬೊಬ್ಬೆ ಹಾಕಿದ. ಭಾವ ಅವನ ಕಡೆ ನೋಡಿ, ಸುಮ್ಮನಿರು ಎಂಬ ಹಾಗೆ ಸನ್ನೆ ಮಾಡಿದರು. ದೈವದ ಎದುರು ಬೊಬ್ಬೆ ಹಾಕುತ್ತಾನಲ್ಲ ಎಂದು ಅವರಿಗೆ ಬೇಸರವಾದದ್ದು ಮುಖದಲ್ಲಿ ಕಾಣುತ್ತಿತ್ತು. ನಾನೂ ಕೂಗಿದೆ. ಭಾವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅದ್ದುವಿನ ಅಂಗಡಿಗೆ ನುಗ್ಗಿದೆ. ಅವನು ಹಲಗೆ ಎಳೆದ. ಸಂದಿನಲ್ಲಿ ಎಲ್ಲ ಕಂಡೆ.

ಕಡಿದ ಮೇಲೆ ಅವನ ನಡುಕ ನಿಂತಿತು. ಪಟ್ಟೆಯ ಸೆರಗಿನಲ್ಲಿ ಕತ್ತಿ ಒರೆಸಿಕೊಂಡು, "ಇನ್ನು ಒಡಿ ಕಟ್ಟ, ನೋಡುವ" ಎಂದ. ಅದು ದೈವದ ನುಡಿಯಲ್ಲ ಸೇವಂತಿ. ನಾನು ನೀನು ಮಾತಾಡುವ ಹಾಗೆಯೇ ಇತ್ತು. ಅದು ಕೊಲೆ. ಪೊಲೀಸರಿಗೂ ಹಾಗೆಯೇ ಹೇಳಿ ಸಹಿ ಹಾಕಿ ಬಂದಿದ್ದೇನೆ.

ನಿನ್ನ ಅಣ್ಣ
ಬೋಜಪ್ಪ


ಕಡಬ
9-5-1958

ಅಣ್ಣನಿಗೆ,

ನಿನ್ನ ಕಾಗದವನ್ನು ಓದಿ ಮುಗಿಸುವಷ್ಟರಲ್ಲಿ ಎರಡು ಸಲ ಕೆಳಗಿಟ್ಟೆ. ಆದರೂ ಒಂದು ಸಮಾಧಾನ. ನಿಜ ಕಂಡವರು ಇಬ್ಬರಿದ್ದಾರೆ, ಅದರಲ್ಲೊಬ್ಬ ನನ್ನ ಒಡಹುಟ್ಟಿದವನು. ಇಲ್ಲದಿದ್ದರೆ ಈ ಊರಿನಲ್ಲಿ ನನಗೇ ಹುಚ್ಚು ಎಂದು ಕಟ್ಟಿಹಾಕುತ್ತಿದ್ದರು.

ಇಲ್ಲಿಯ ಕಥೆ ಕೇಳು. ದೈವವೇ ಕಡಿದದ್ದು ಎಂದಾದ ಮೇಲೆ, ಕಡಿಸಿಕೊಂಡವನು ಪಾಪಿ ಎಂದಾಗಬೇಕಲ್ಲ? ಹಾಗೇ ಆಗಿದೆ. ವೆಂಕಪ್ಪ ಗೌಡ ಎಂತದೋ ದೊಡ್ಡ ತಪ್ಪು ಮಾಡಿರಬೇಕು, ಗುಟ್ಟಿನಲ್ಲಿ ಮಾಡಿರಬೇಕು ಎಂದು ಈಗ ಹುಡುಕುತ್ತಿದ್ದಾರೆ. ಆಚೆ ಮನೆಯ ದುಗ್ಗಮ್ಮ ನನ್ನ ಮದುವೆಯ ದಿನ ಆರತಿ ಎತ್ತಿದವಳು. ಮೊನ್ನೆ ಬಾವಿಕಟ್ಟೆಯಲ್ಲಿ ನನ್ನನ್ನು ಕಂಡು ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ಸೇದಿದಳು. ನಾಟಿಗೆ ಆಳು ಕರೆದರೆ "ನೋಡುವ ಅಕ್ಕ" ಎನ್ನುತ್ತಾರೆ, ಬರುವುದಿಲ್ಲ. ಗುತ್ತಿನ ಯಜಮಾನರು ಜನ ಕಳಿಸಿದ್ದರು. ನಾನು ಗುತ್ತಿನ ಮನೆಗೆ ಹೋಗಿ ದೈವಕ್ಕೆ ತಪ್ಪುಕಾಣಿಕೆ ಹಾಕಬೇಕಂತೆ! ಗಂಡನನ್ನು ಕಡಿದವರ ಚಾವಡಿಗೆ ಹೋಗಿ, ಕಡಿಸಿಕೊಂಡದ್ದು ನಮ್ಮ ತಪ್ಪು ಎಂದು ಅಡ್ಡಬೀಳಬೇಕು. ಆಮೇಲೆ ಊರು ಮೊದಲಿನ ಹಾಗೆ ಆಗುತ್ತದಂತೆ.

ನನಗೆ ದೈವದ ಮೇಲೆ ಸಿಟ್ಟಿಲ್ಲ, ಇದನ್ನು ನೀನಾದರೂ ತಿಳಿದುಕೋ. ದೈವ ನಮ್ಮದೇ. ಕೆಳಗಿನವರ ಗದ್ದೆಗೆ ನೀರು ಬಿಡಬೇಡ ಎನ್ನುವ ದೈವ ಯಾವುದೂ ಇಲ್ಲ. ಅದರ ಪಟ್ಟೆ ಸುತ್ತಿಕೊಂಡು ಒಬ್ಬ ಮನುಷ್ಯ ಕೊಂದ. ಆ ಮಾತು ನಾಲ್ಕು ಜನರ ಎದುರು ಒಂದು ಸಲ ಯಾರಾದರೂ ಆಡಬೇಕು. ಕೋರ್ಟಿನಲ್ಲಿ ನೀನು ಆಡು. ಅವನಿಗೆ ಎಂತ ಶಿಕ್ಷೆಯಾಗುತ್ತದೆ ಎಂಬುದೂ ನನಗೆ ಬೇಕಾಗಿಲ್ಲ. ಇವರು ಪಾಪಿಯಲ್ಲ, ಇವರನ್ನು ಕೊಂದರು ಎಂದು ಊರು ಕೇಳಬೇಕು. ನನಗೂ ಕಮಲಳಿಗೂ ಬದುಕು ಉಳಿಯುವುದು ಅದೊಂದರಿಂದ.

ಅವಳಿಗೆ ಹೊಸ ಪಾಠ ಕಲಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಅಂಗಳದಲ್ಲಿ ನಾನು ಕತ್ತಿ ಎತ್ತಿಕೊಂಡು ಅವಳ ಕಡೆ ಬರುತ್ತೇನೆ, ಅವಳು ಓಡಬೇಕು. ಮೊದಲೆರಡು ದಿನ ನಿಂತಲ್ಲೇ ಕಣ್ಣು ಮುಚ್ಚಿ ಕೈಮುಗಿದಳು ಅಣ್ಣ. ಕತ್ತಿಯನ್ನು ಬದಿಗೆ ಎಸೆದೆ. ಹತ್ತಿರ ಕೂರಿಸಿಕೊಂಡು ಹೇಳಿದೆ, ಕತ್ತಿ ಹಿಡಿದು ಯಾರು ಬಂದರೂ ಓಡು, ಪಟ್ಟೆ ಉಟ್ಟಿರಲಿ, ಗಂಧ ಹಚ್ಚಿರಲಿ, ನಿನ್ನ ಅವ್ವನೇ ಆಗಿರಲಿ. ಓಡುವಾಗ ಬಾಯಿ ಮುಚ್ಚಬೇಡ, ಬೊಬ್ಬೆ ಹಾಕು, ಬದಿಯಲ್ಲಿರುವವರಿಗೂ ಹೇಳು. ಹಿಂದೆ ನೋಡಬೇಡ. ಬಾಗಿಲು ಕಂಡರೆ ಒಳಗೆ ಹೋಗು. ಈಗ ಓಡುತ್ತಾಳೆ. "ಇವಳಿಗೆ ತಲೆ ಸಮ ಇಲ್ಲ" ಎಂದು ಅತ್ತೆ ಜಗಲಿಯಲ್ಲಿ ಕುಳಿತು ಅಳುತ್ತಾರೆ.

ಸೇವಂತಿ


ಸುಳ್ಯ
20-10-1958

ತಂಗಿಗೆ,

ನಿನ್ನ ಎರಡು ಮೂರು ಕಾಗದ ಬಂದಿದೆ. ಮಳೆಗಾಲದ ಕೆಲಸ, ಸಣ್ಣವನಿಗೆ ಜ್ವರ, ಬರೆಯಲಾಗಲಿಲ್ಲ. ಕೋರ್ಟಿನ ಸಮನ್ಸು ನನಗೂ ಬಂದಿದೆ.

ಒಂದು ವಿಷಯ ಹೇಳುತ್ತೇನೆ, ಸಿಟ್ಟಾಗಬೇಡ. ಮೊನ್ನೆ ನಮ್ಮ ಧಣಿಗಳು ಕರೆಸಿದ್ದರು. ಅವರ ಅಕ್ಕನನ್ನು ಕೊಟ್ಟದ್ದು ಅದೇ ಗುತ್ತಿನ ಮನೆಗೆ, ನಿನಗೆ ಗೊತ್ತುಂಟಲ್ಲ. ಕುಳ್ಳಿರಿಸಿ ಎಲೆಅಡಿಕೆ ಕೊಟ್ಟರು. "ಬೋಜಪ್ಪ, ದೈವದ ವಿಷಯ. ಕೋರ್ಟು ಬರ್ತದೆ, ಹೋಗ್ತದೆ. ನಾವು ನೀವು ಇಲ್ಲೇ ಇರುವವರು" ಎಂದರು. ಅಷ್ಟೇ ಅಂದದ್ದು. ಹೊರಡುವಾಗ, ಈ ಸಲ ಗದ್ದೆ ಹೇಗುಂಟು ಎಂದು ಕೇಳಿದರು. ನಮ್ಮದು ಚಾಲಗೇಣಿ. ಬಿಡು ಎಂದ ದಿನ ಬಿಡಬೇಕು. ಎಂಟು ಹೊಟ್ಟೆ ಉಂಟು ಇಲ್ಲಿ.

ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬರುತ್ತೇನೆ.

ಬೋಜಪ್ಪ


ಕಡಬ
27-10-1958

ಅಣ್ಣ,

ಗದ್ದೆ ಬಿಡಿಸಿದರೆ ಬಿಡಿಸಲಿ. ಅತ್ತಿಗೆಯನ್ನೂ ಮಕ್ಕಳನ್ನೂ ಕರೆದುಕೊಂಡು ಇಲ್ಲಿಗೆ ಬಾ. ಇವರು ಬಿಟ್ಟುಹೋದದ್ದರಲ್ಲಿ ಅರ್ಧ ನಿನಗೆ. ಬಾಯಿಮಾತಲ್ಲ, ಅತ್ತೆಯ ಹತ್ತಿರವೂ ಹೇಳಿದ್ದೇನೆ. ನನಗೆ ಹೇಗೂ ಉಳುವವರು ಬರುವುದಿಲ್ಲ. ನೀನು ಉಳು, ನಾವೆಲ್ಲ ಒಟ್ಟಿಗೆ ಗಂಜಿ ಕುಡಿಯುವ.

ನನಗೆ ಕಾಗದದಲ್ಲಿ ಬರೆದದ್ದನ್ನು ಅಲ್ಲಿ ಬಾಯಲ್ಲಿ ಹೇಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಬೇಡ.

ಸೇವಂತಿ


ಕಡಬ
3-12-1958

ಸುಳ್ಯದ ಬೋಜಪ್ಪ ಗೌಡರಿಗೆ,

ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದದ್ದು ನಿಮಗೆ ಕಾಣಲಿಲ್ಲವೋ ಏನೋ. ನನಗೆ ನೀವು ಚೆನ್ನಾಗಿ ಕಂಡಿರಿ. ಹೊಸ ಬಿಳಿ ಅಂಗಿ ಹಾಕಿದ್ದಿರಿ. ಯಾರು ಹೊಲಿಸಿ ಕೊಟ್ಟದ್ದೆಂದು ಕೇಳುವುದಿಲ್ಲ.

ಮೊದಲು ಅದ್ದು ಹೇಳಿದ. ಚಾ ಕುಡಿದದ್ದು, ಚಾಪೆಯ ಸುರುಳಿ, ಕಟ್ಟದ ಮಾತು, ಎಲ್ಲ ಹೇಳಿದ. ಅವರ ವಕೀಲ ನಗುತ್ತಾ ಕೇಳಿದ, "ನಿನಗೆ ದೈವದ ದರ್ಶನದ ವಿಷಯ ಎಂತ ಗೊತ್ತು? ನೀನು ನಂಬುವವನಾ?" ಅದ್ದು ಎಂದ, "ದರ್ಶನ ನನಗೆ ಗೊತ್ತಿಲ್ಲ ಸ್ವಾಮಿ. ಕಡಿಲಿಕ್ಕೆ ಬರುವವನ ಮುಖ ಗೊತ್ತುಂಟು." ಜನ ನಕ್ಕರು. ಅವನ ಮಾತು ಅಲ್ಲಿಗೆ ಹಾರಿಹೋಯಿತು. ಆಮೇಲೆ ನಿಮ್ಮನ್ನು ಕರೆದರು. ನಮ್ಮವನು, ನೇಮ ಕಂಡವನು, ಇವನ ಮಾತನ್ನು ಯಾರೂ ತಳ್ಳಲಾರರು ಎಂದುಕೊಂಡೆ.

"ಮೈಮೇಲೆ ದರ್ಶನ ಇತ್ತು ಸ್ವಾಮಿ. ನಾನು ಕಣ್ಣಾರೆ ಕಂಡೆ. ಹೋಟೆಲಿನಲ್ಲಿ ಅವರನ್ನು ನೋಡಿದ ನೆನಪಿಲ್ಲ. ಪೊಲೀಸರು ಹೆದರಿಸಿ ಸಹಿ ಹಾಕಿಸಿದ್ದು."

ಎಷ್ಟು ಸಲೀಸಾಗಿ ಹೇಳಿದಿರಿ! ಒಂದು ಕಡೆಯೂ ತಡವರಿಸಲಿಲ್ಲ. ಆ ಹೊತ್ತಿಗೆ ಅವನಿಗೆ ಪ್ರಜ್ಞೆ ಇರಲಿಲ್ಲವೆಂದು ತೀರ್ಮಾನವಾಯಿತು, ಮನೆಯವರ ಜವಾಬ್ದಾರಿಯ ಮೇಲೆ ಕಳಿಸಿಕೊಟ್ಟರು. ಅವನು ಹೊರಗೆ ಬಂದಾಗ ನಮ್ಮೂರಿನವರೇ ಕೆಲವರು ಕೈಮುಗಿದರು.

ನಿಮ್ಮ ಕಾಗದವನ್ನು ಅಲ್ಲೇ ತೋರಿಸಬಹುದಿತ್ತಲ್ಲ ಎಂದು ಅದ್ದು ಆಮೇಲೆ ಕೇಳಿದ. ಸೆರಗಿನಲ್ಲೇ ಕಟ್ಟಿಕೊಂಡು ಹೋಗಿದ್ದೆ. ತೋರಿಸಿದರೆ ಸುಳ್ಳುಸಾಕ್ಷಿ ಎಂದು ನಿಮ್ಮನ್ನೇ ಒಳಗೆ ಹಾಕುತ್ತಾರೆ ಎಂದು ಯಾರೋ ಹೇಳಿದ್ದರು. ಒಡಹುಟ್ಟು ಎಂಬ ದರಿದ್ರ ನನ್ನ ಕೈ ಕಟ್ಟಿತು. ಮನೆಗೆ ಬಂದು ಆ ಕಾಗದವನ್ನು ಒಲೆಗೆ ಹಾಕಿದೆ. ನಿಮಗೆ ಒಡಹುಟ್ಟಿನ ಕಟ್ಟು ಹರಿಯಿತು, ನನಗೆ ಹರಿಯಲಿಲ್ಲ, ಇಷ್ಟೇ ವ್ಯತ್ಯಾಸ.

ನೀವು ಓಡಿದ್ದಕ್ಕೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ಓಡಬೇಕಾದದ್ದೇ. ಇವರೂ ಓಡಬೇಕಿತ್ತು. ಆದರೆ ಓಡಿ ಉಳಿಸಿಕೊಂಡ ಬಾಯಿಯಿಂದ ಇದನ್ನಾ ಹೇಳುವುದು?

ಸೇವಂತಿ, ವೆಂಕಪ್ಪ ಗೌಡರ ಹೆಂಡತಿ


ಸುಳ್ಯ
26-1-1959

ಸೇವಂತಿಗೆ,

ನೀನು ಹೇಗೆ ಬೇಕಾದರೂ ಕರೆ, ನಾನು ನಿನ್ನ ಅಣ್ಣನೇ. ಕಳಿಸಿದ ಅಕ್ಕಿಯನ್ನು ಬಸ್ಸಿನಲ್ಲೇ ಹಿಂದೆ ಕಳಿಸಿದ್ದೀ. ಇರಲಿ. ಗದ್ದೆ ನನ್ನ ಕೈಯಲ್ಲಿ ಉಳಿದಿದೆ ಎಂದು ನಿನಗೆ ಹೊಟ್ಟೆ ಉರಿ ಎನ್ನುವುದಿಲ್ಲ. ನಿನ್ನ ಅರ್ಧದಲ್ಲಿ ಎರಡು ಸಂಸಾರ ಬದುಕುತ್ತಿತ್ತೇ? ನೀನೇ ಯೋಚಿಸು. ಸತ್ತವರು ಸತ್ತರು.

ಮುಂದಿನ ತಿಂಗಳು ಗುತ್ತಿನಲ್ಲಿ ಕಲಶ ಶುದ್ಧ ಮಾಡಿ ನೇಮ ಇಟ್ಟಿದ್ದಾರೆ. ಧಣಿಗಳ ಜೊತೆ ನಾನೂ ಬರುತ್ತೇನೆ. ನೀನು ಬಂದು ಸಣ್ಣದೊಂದು ತಪ್ಪುಕಾಣಿಕೆ ಇಟ್ಟರೆ ಎಲ್ಲ ಸರಿಯಾಗುತ್ತದೆ. ಆಳುಗಳು ಬರುತ್ತಾರೆ, ಕಟ್ಟದಿಂದ ನಿನ್ನ ಗದ್ದೆಗೆ ನೀರು ಬಿಡಿಸಿಕೊಡುವ ಮಾತೂ ಆಗಿದೆ. ಯಜಮಾನರ ಬಾಯಿಂದಲೇ ಹೇಳಿಸಿದ್ದೇನೆ. ಅದಕ್ಕೆ ನಾನು ಎಷ್ಟು ಜನರ ಕಾಲು ಹಿಡಿದೆ ಎಂದು ನಿನಗೆ ತಿಳಿಯುವುದಿಲ್ಲ. ಮಗಳ ಮುಖ ನೋಡಿಯಾದರೂ ಬಾ.

ಬೋಜಪ್ಪ


ಕಡಬ
4-2-1959

ಬರುತ್ತೇನೆ. ಪೈರು ಒಣಗುತ್ತಿದೆ, ಹೋಗಿ ತಪ್ಪುಕಾಣಿಕೆ ಇಡು ಎಂದು ಅತ್ತೆ ಅನ್ನ ಬಿಟ್ಟು ಕುಳಿತಿದ್ದಾರೆ. ಕಾಣಿಕೆ ಇಡುತ್ತೇನೆ. ಮಗಳನ್ನು ಈಗ ಅತ್ತೆಯ ಹತ್ತಿರ ಬಿಟ್ಟುಬರುವ ಹಾಗಿಲ್ಲ, ಅವಳೂ ಬರುತ್ತಾಳೆ.

ಸೇವಂತಿ


ಕಡಬ
25-2-1959

ಅಣ್ಣ ಬೋಜಪ್ಪನಿಗೆ,

ನೇಮದ ದಿನ ನೀನೂ ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ. ನೀನು ಹಿಂದೆ ತಿರುಗಿ ನೋಡಲಿಲ್ಲವಾದ್ದರಿಂದ ಆಮೇಲೆ ಆದದ್ದು ನಿನಗೆ ಗೊತ್ತಿರಲಾರದು.

ನಾನು ಸೋತುಕೊಂಡೇ ಬಂದಿದ್ದೆ. ವೀಳ್ಯದೆಲೆಯಲ್ಲಿ ಕಾಣಿಕೆ ಕಟ್ಟಿಕೊಂಡು ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ದುಗ್ಗಮ್ಮ ಸರಿದು ಜಾಗ ಕೊಟ್ಟಳು, "ಒಳ್ಳೇದು ಮಾಡಿದೆ ಸೇವಂತಿ" ಎಂದಳು. ಎದುರು ಸಾಲಿನಲ್ಲಿ ಧಣಿಗಳ ಹಿಂದೆ ಅದೇ ಬಿಳಿ ಅಂಗಿಯಲ್ಲಿ ನೀನು. ತ್ಯಾಂಪಣ್ಣ ಪಟ್ಟೆ ಉಟ್ಟು, ಅಡಿಕೆಯ ಹಿಂಗಾರ ಮುಖಕ್ಕೆ ಒತ್ತಿ ನಿಂತಿದ್ದ. ಕೈಗೆ ಕೊಟ್ಟದ್ದು ಅದೇ ಕತ್ತಿ, ಕೋರ್ಟಿನಿಂದ ಬಿಡಿಸಿ ತಂದು ತೊಳೆದದ್ದು. ವಾದ್ಯ ಏರಿತು. ಅವನಿಗೆ ನಡುಕ ಬಂತು. ಊರು ಕೈಮುಗಿಯಿತು. ನಾನೂ ಮುಗಿದೆ ಅಣ್ಣ. ಎಂತ ಹೇಳುವುದು, ಕೈ ತಾನಾಗಿಯೇ ಮೇಲೆ ಹೋಯಿತು.

ಅವನು ಕತ್ತಿ ಬೀಸಿ ಒಂದು ಹೆಜ್ಜೆ ಜನರ ಕಡೆ ಬಂದ. ಯಾವಾಗಲೂ ಬರುವ ಹಾಗೆಯೇ. ಆಗ ನನ್ನ ಸೆರಗು ಹಿಡಿದಿದ್ದ ಕಮಲ ಕೈ ಬಿಟ್ಟಳು. "ಓಡಿ! ಕಡಿತಾನೆ, ಓಡಿ!" ಎಂದು ಬೊಬ್ಬೆ ಹಾಕುತ್ತಾ ಅಂಗಳದ ನಡುವಿನಿಂದಲೇ ಗೇಟಿನ ಕಡೆ ಓಡಿದಳು. ನಾನು ಹಿಡಿಯಲು ಕೈ ಚಾಚಿದೆ. ಅಯ್ಯೋ, ಇನ್ನು ನಮ್ಮ ಕಥೆ ಮುಗಿಯಿತು, ಊರು ನಮ್ಮನ್ನು ಉಳಿಸುವುದಿಲ್ಲ ಎಂದುಕೊಂಡೆ.

ಆದರೆ ಊರು ಎಲ್ಲಿತ್ತು ಅಣ್ಣ? ಮಗುವನ್ನು ಗದರಿಸುವವರು ಒಬ್ಬರೂ ಇರಲಿಲ್ಲ, ಎಲ್ಲ ಓಡುತ್ತಿದ್ದರು. ಚಾವಡಿಯ ಮೇಲಿನವರು ಬೆಂಚು ಉರುಳಿಸಿ ಓಡಿದರು. ವಾದ್ಯದವರು ಡೋಲು ಬಿಟ್ಟು ಹಾರಿದರು. ಗುತ್ತಿನ ಯಜಮಾನರು ಸ್ವಂತ ತಮ್ಮನಿಗೆ ಹೆದರಿ ಕಂಬದ ಹಿಂದೆ ಹೋದರು. ದುಗ್ಗಮ್ಮ ನನ್ನ ಕಾಲು ತುಳಿದುಕೊಂಡು ಓಡಿದಳು. ಒಂದು ವರ್ಷದಿಂದ ದೈವ, ದೈವ ಎಂದು ನನ್ನ ಕಿವಿಗೆ ಕಾಯಿಸಿದ ಸೀಸ ಹೊಯ್ದವರು ಇವರು. ಒಬ್ಬನೇ ಒಬ್ಬ ದೈವದ ಎದುರು ನಿಲ್ಲಲಿಲ್ಲ. ನಾನೊಬ್ಬಳು ನಿಂತಿದ್ದೆ, ಧೈರ್ಯದಿಂದಲ್ಲ, ಚಿಕ್ಕಂದಿನಿಂದ ನಿಲ್ಲುವುದನ್ನೇ ಕಲಿತವಳು.

ತ್ಯಾಂಪಣ್ಣನ ನಡುಕ ನಿಂತಿತು. ಕತ್ತಿ ಕೆಳಗೆ ಮಾಡಿ ಖಾಲಿ ಅಂಗಳವನ್ನು ಸುತ್ತ ನೋಡಿದ. ನನ್ನನ್ನು ನೋಡಿ, ಚಾ ಕೇಳುವವನ ಹಾಗೆ ಕೇಳಿದ, "ಎಂತಕ್ಕೆ ಇವರೆಲ್ಲ ಓಡಿದ್ದು?" ನಾನು ಎಂದೆ, "ನಿಮಗೆ ಗೊತ್ತುಂಟಲ್ಲ." ಅವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಕಾಣಿಕೆಯನ್ನು ಕೇಳುವವರಿರಲಿಲ್ಲ, ಹಾಗೇ ಮನೆಗೆ ತಂದೆ.

ಈಗ ಊರಿನಲ್ಲಿ ಯಾರೂ ದೈವ ಕಡಿದದ್ದು ಎನ್ನುವುದಿಲ್ಲ. ಕೊಲೆ ಎಂದೂ ಅನ್ನುವುದಿಲ್ಲ. ನೇಮದ ಸುದ್ದಿ ಎತ್ತಿದರೆ ದನ ಕಟ್ಟಲಿಕ್ಕುಂಟು ಎಂದು ಎದ್ದುಹೋಗುತ್ತಾರೆ. ಆಳುಗಳು ಬಂದಿಲ್ಲ. ನೀರೂ ಬಂದಿಲ್ಲ. ಇವರ ಹೆಸರಿನ ಮೇಲೆ ಹಾಕಿದ ಮಣ್ಣನ್ನು ಓಡುವಾಗ ಎಲ್ಲರೂ ಸೇರಿ ಒಂದು ಗಳಿಗೆ ಸರಿಸಿದರು, ನಿಂತ ಕೂಡಲೇ ಮತ್ತೆ ಮುಚ್ಚಿದರು.

ಇನ್ನು ನಿನ್ನ ವಿಷಯ. ಮಗುವಿಗಿಂತ ಮೊದಲು ಗೇಟು ಮುಟ್ಟಿದ್ದು ನೀನು. ನಿನ್ನ ಮೊಣಕೈ ತಾಗಿ ಅವಳು ಕಲ್ಲಿನ ಮೇಲೆ ಬಿದ್ದಳು, ನೀನು ನಿಲ್ಲಲಿಲ್ಲ. ಎಡಗೈ ಮುರಿದಿದೆ. ಪುತ್ತೂರಿಗೆ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿದ್ದೇವೆ, ಬಸ್ಸಿಗೆ ಜೊತೆಯಾಗಿ ಬಂದದ್ದು ಅದ್ದು ಮತ್ತು ನೆಬೀಸ. ಇನ್ನು ಮುಂದೆ ನೀನು ಬರೆಯಬೇಡ. ನಾನೂ ಬರೆಯುವುದಿಲ್ಲ.

ಬರುವಾಗ ಬಸ್ಸಿನಲ್ಲಿ ಕಮಲ ನನ್ನ ಮಡಿಲಲ್ಲಿ ಮಲಗಿದ್ದಳು. ನಿದ್ದೆ ಹೋದಳು ಎಂದುಕೊಂಡಿದ್ದೆ. ಇದ್ದಕ್ಕಿದ್ದಂತೆ ಕೇಳಿದಳು, "ಅವ್ವಾ, ನನಗೆ ಓಡ್ಲಿಕ್ಕೆ ನೀನು ಕಲಿಸಿದೆ. ಮಾವನಿಗೆ ಯಾರು ಕಲಿಸಿದ್ದು?"

"ಮಾವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ ಮಗಾ" ಎಂದೆ. "ಅದು ದೈವ ಅಲ್ಲ ಅಂತ ಮಾವನಿಗೆ ಮೊದಲೇ ಗೊತ್ತಿತ್ತು."

ಸೇವಂತಿ